ಎಂಟು ಬೆರಳಿನ ಗೋಲ್‌ಕೀಪರ್: ನಡುಗೆರೆಯ ಸಾಕ್ಷಿ

"ಓದ್ಕೊಳ್ರಿ. ಆಮ್ಯಾಲೆ ಮಾತಾಡೂಣು."

ಬಸವಕಿರಣ್ ಮಡಚಿದ ಹಾಳೆಯೊಂದನ್ನು ಅಕ್ಷತಾ ಅಕ್ಕನ ಕೈಗೆ ಕೊಟ್ಟು, ಬರೋ ಹಾಲ್ ಎಂಬ ನಮ್ಮ ಪುರಸಭೆಯ ಕಟ್ಟಡದ ಕಾರಿಡಾರಿನ ಗೋಡೆಗೆ ಒರಗಿ ನಿಂತರು. ಎದುರಿನ ಗಡಿಯಾರದಲ್ಲಿ ಹತ್ತು ಮೂವತ್ತೈದು. ಹನ್ನೊಂದಕ್ಕೆ ಕೌನ್ಸಿಲ್ ಮೀಟಿಂಗು, ಅಲ್ಲೇ ವೋಟು.

ಹಳೇ ದಾರದ ಗಿರಣಿಯ ಪಕ್ಕದ ಫುಟ್‌ಬಾಲ್ ಮೈದಾನಕ್ಕೆ ಅದನ್ನು ಮಕ್ಕಳಿಗೆ ಬಿಡಿಸಿಕೊಟ್ಟ ಎಫ್ರಾಯಿಮ್ ಟ್ಯಾಟರ್ಸಾಲ್ ಅವರ ಹೆಸರಿಡಿ ಎಂದು ನಾವು ಕೇಳುತ್ತಿದ್ದೆವು. ನನ್ನ ಫುಟ್‌ಬಾಲ್ ಅಕಾಡೆಮಿಯ ಹೆಸರಿಡಿ, ಕೃತಕ ಹುಲ್ಲಿನ ಹೊಸ ಟರ್ಫ್ ಹಾಕಿಸಿಕೊಡುತ್ತೇನೆ ಎಂದು ಬಸವಕಿರಣ್. ಆರು ವಾರದ ಈ ಹಗ್ಗಜಗ್ಗಾಟ ಇನ್ನು ಇಪ್ಪತ್ತೈದು ನಿಮಿಷಕ್ಕೆ ಮುಗಿಯಬೇಕಿತ್ತು.

ನಾನು ಅಕ್ಕನ ಭುಜದ ಮೇಲಿಂದ ಇಣುಕಿದೆ. ಇಂಗ್ಲೆಂಡಿನ ಹಳೇ ಪತ್ರಿಕೆಯೊಂದರ ನಕಲು. ಮೇಲ್ತುದಿಯಲ್ಲಿ ತಾರೀಕು: ಏಪ್ರಿಲ್ 22, 1912.

ಬ್ರಾಕ್‌ಶಾ ರೋವರ್ಸ್ ತಂಡ ಶನಿವಾರದ ಕೊನೆಯ ಪಂದ್ಯವನ್ನು ಒಂದು ಗೋಲಿನಿಂದ ಸೋತು ಕೆಳಗಿನ ಡಿವಿಷನ್ನಿಗೆ ಬಿದ್ದಿದೆ. ಗೋಲ್‌ಕೀಪರ್ ಟ್ಯಾಟರ್ಸಾಲ್ ಚೆಂಡನ್ನು ಕೈಯಿಂದ ನೆಲಕ್ಕೆ ಪುಟಿಸುತ್ತಾ ಮೈದಾನದ ನಡುಗೆರೆಯವರೆಗೆ ಓಡಿಬಂದ. ಅಲ್ಲಿ ಎದುರಾಳಿಯೊಬ್ಬ ಚೆಂಡು ಕಸಿದು ಖಾಲಿ ಗೋಲಿಗೆ ಹೊಡೆದ. ಇದು ಪೆದ್ದುತನವಲ್ಲ, ಮಾರಿಕೊಂಡ ಸೋಲು ಎಂದು ಅದೇ ತಂಡದ ಬ್ಯಾಕ್ ಆಟಗಾರ ಸೈಲಸ್ ಕರ್ಶಾ ಡೈರೆಕ್ಟರುಗಳ ಮುಂದೆ ಹೇಳಿದ್ದಾನೆ. ಟ್ಯಾಟರ್ಸಾಲ್‌ಗೂ ಕ್ಲಬ್ಬಿಗೂ ಇನ್ನು ಸಂಬಂಧವಿಲ್ಲ.

ಅಷ್ಟೇ. ಹದಿನಾಲ್ಕು ಸಾಲು.

"ಎಲ್ಲಿ ಸಿಕ್ತು?" ಅಕ್ಕ ಕೇಳಿದಳು.

"ನೀವಷ್ಟೇ ಹುಡುಕೂದೇನ್ರಿ? ನನ್ನ ಕಡೆನೂ ಇಂಟರ್ನೆಟ್ ಐತಿ." ಬಸವಕಿರಣ್ ನಗಲಿಲ್ಲ. "ನೋಡ್ರಿ, ಹುಬ್ಬಳ್ಳಿಯಾಗ ಕಾಲೇಜ್ ಟೀಮಿಗೆ ನಾನೂ ನಾಕ್ ವರ್ಷ ಕೀಪರ್ ಇದ್ದೆ. ಬಾಕ್ಸ್ ಬಿಟ್ಟು ಹೊರಗ ಬಂದು ಚೆಂಡಿಗೆ ಕೈ ಹಚ್ಚಬಾರ್ದು ಅಂತ ಆರು ವರ್ಷದ ಕೂಸಿಗೂ ಗೊತ್ತೈತಿ. ಈ ಮನುಷ್ಯಾ ನಡುಗೆರಿ ತನಕ ಕೈಲೆ ಪುಟಿಸ್ಕೋತ ಬಂದಾನ. ಬೇಕಂತ ಮಾಡ್ಯಾನ ಅನ್ನಾಕ ಇನ್ನೇನ್ ಬೇಕ್ರಿ?"

ಹನ್ನೆರಡು ವರ್ಷದೊಳಗಿನ ಹುಡುಗಿಯರ ತಂಡಕ್ಕೆ ನಾನು ಕೋಚ್. ರೆಫರಿ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಇಟ್ಟುಕೊಂಡವಳು. ಪೆನಾಲ್ಟಿ ಬಾಕ್ಸಿನ ಹೊರಗೆ ಕೀಪರ್ ಚೆಂಡು ಮುಟ್ಟಿದರೆ ಸೀಟಿ ಊದಲು ನನ್ನ ತುಟಿ ತಾನಾಗಿ ಸೇರಿಕೊಳ್ಳುತ್ತದೆ.

"ನಾನು ಕೆಟ್ಟವ ಅಲ್ರಿ," ಬಸವಕಿರಣ್ ದನಿ ತಗ್ಗಿಸಿದರು. "ಇದನ್ನ ಒಳಗ ಓದಾಕ ನನಗೂ ಮನಸಿಲ್ಲ. ಆ ಮುದುಕಿ ಮುಂದ ಅವರ ಅಜ್ಜನ್ನ ಮೋಸಗಾರ ಅನ್ನೂದು ಛಂದ ಕಾಣ್ತೈತೇನು? ನೀವು ಪ್ರಪೋಸಲ್ ವಾಪಸ್ ತಗೊಳ್ರಿ. ಈ ಹಾಳಿ ನನ್ನ ಕಿಸೆದಾಗ ಇರ್ತೈತಿ."

ಬಾಗಿಲ ಗಾಜಿನಲ್ಲಿ ಡೊರೊತಿ ಅಜ್ಜಿ ಕಾಣುತ್ತಿದ್ದರು. ಟ್ಯಾಟರ್ಸಾಲ್ ಅವರ ಮೊಮ್ಮಗಳು. ಎಂಬತ್ತಾರು ವರ್ಷ. ಮುಂದಿನ ಸಾಲಿನಲ್ಲಿ, ನೀಲಿ ಕೋಟು ಹಾಕಿ, ಚೀಲವನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದರು. ಚಿಕ್ಕಂದಿನಲ್ಲಿ ಯಾರೋ ಅವರಿಗೆ ಹೇಳಿದ್ದರಂತೆ: ನಿನ್ನ ತಾತ ಇಂಗ್ಲೆಂಡಿನಲ್ಲಿ ಏನೋ ಮಾಡಿ ಇಲ್ಲಿಗೆ ಓಡಿಬಂದವನು ಎಂದು. ಆ 'ಏನೋ' ಎಂಬತ್ತು ವರ್ಷ ಅವರ ಜೊತೆಗೇ ಬೆಳೆದಿತ್ತು. ತಾನಿರುವಾಗಲೇ ಆ ಮೈದಾನದ ಗೇಟಿನ ಮೇಲೆ ತಾತನ ಹೆಸರು ನೋಡಬೇಕು, ಇನ್ನೇನೂ ಬೇಡ ಎಂದು ನಮ್ಮನ್ನು ಕೇಳಿಕೊಂಡಿದ್ದರು.

ಕೆಫೆ ನಡೆಸುವ ರಮಾನಾಥ ಮಾವ ನನ್ನ ಕೈಹಿಡಿದು ಪಕ್ಕಕ್ಕೆ ಎಳೆದರು. ಇನ್ನೊಂದು ಕೈಯಲ್ಲಿ ಅಜ್ಜಿಗೆಂದು ತಂದ ಬನ್ಸಿನ ಡಬ್ಬಿ.

"ಬೇಡ ಮಾರಾಯ್ತಿ. ಹೆಸರೂ ಬೇಡ, ಎಂತದೂ ಬೇಡ. ಅವರ ಎದುರು ಇದನ್ನು ಓದುದು ಬೇಡ. ಒಳಗೆ ಹೋಗಿ ವಾಪಸ್ ತೆಕ್ಕೊಳ್ತೇವೆ ಅಂತ ಹೇಳ್ತೇನೆ ನಾನು."

"ಮಾವ, ಸ್ವಲ್ಪ ನಿಲ್ಲಿ."

"ಎಂತ ನಿಲ್ಲುದು? ನಾನು ಪಾತ್ರೆ ತೊಳೀತಿದ್ದವ. ಅವರ ತಾತ ನಡೆಸ್ತಿದ್ದ ಸಣ್ಣ ಹೋಟ್ಲಿನ, ಆ ಲಂಚ್‌ರೂಮಿನ ಬೀಗದ ಕೈ ನನಗೆ ಕೊಟ್ಟದ್ದು ಯಾರು? ಒಂದು ಕಾಗದ ಕೇಳ್ಲಿಲ್ಲ ಅವರು. ಕೈ ಕುಲುಕಿ ಕೊಟ್ರು. ಅವರ ಕಣ್ಣಲ್ಲಿ ನೀರು ಬಂದ್ರೆ ನಾನು ನಾಳೆ ಕೆಫೆ ಬಾಗಿಲು ತೆಗೆಯುದು ಹೇಗೆ?"

ನಮ್ಮಿಬ್ಬರ ಮಾತಿಗೆ ಕಿವಿಗೊಡದೆ ಅಕ್ಷತಾ ಅಕ್ಕ ಆ ಹದಿನಾಲ್ಕು ಸಾಲನ್ನು ಮೂರನೇ ಸಲ ಓದುತ್ತಿದ್ದಳು. ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರಲ್ಲಿ ಅವಳು ಕ್ವಾಲಿಟಿ ಆಡಿಟರ್. ಮಾತ್ರೆಯ ಒಂದು ಬ್ಯಾಚ್ ಯಾಕೆ ಕೆಟ್ಟಿತು ಎಂಬುದನ್ನು ಹಳೇ ಕಾಗದ ಮಗುಚಿಯೇ ಕಂಡುಹಿಡಿಯುವ ಕೆಲಸ. ಯಾರನ್ನೂ ನಂಬುವುದಿಲ್ಲ, ಯಾರನ್ನೂ ಅನುಮಾನಿಸುವುದೂ ಇಲ್ಲ; ದಾಖಲೆ ಕೇಳುತ್ತಾಳೆ. ಅಕ್ಕ ಎಂದ ಮೇಲೆ ಬಹುವಚನ ಬೇಡ ಎಂದು ಮೊದಲ ದಿನವೇ ನನಗೆ ಹೇಳಿದ್ದಳು.

"ಕಿರಣ್ ಅವ್ರ, ಒಂದು ಕೇಳ್ಲಿ? ಕೈ ಹಚ್ಚಿದ್ದು ಫೌಲ್ ಅಂದ್ರಿ. ರೆಫರಿ ಸೀಟಿ ಊದಿದ್ನೇನು?"

"ಅದನ್ನ ಬರ್ದಿಲ್ಲ."

"ನೋಡಾಕ ಬಂದ ಮಂದಿ ಫೌಲ್ ಅಂತ ಒದರ್ಯಾಡಿದ್ರೇನು?"

"ಅದೂ ಬರ್ದಿಲ್ಲ."

"ಚೆಂಡು ಕಸ್ಗೊಂಡ್ರು, ಗೋಲ್ ಹೊಡದ್ರು, ಗೋಲ್ ಎಣಿಸಿದ್ರು. ಇದರಾಗ ಫೌಲ್ ಅನ್ನೂ ಮಾತು ಎಲ್ಲ್ಯದ? ಅದು ಬರೇ ನಿಮ್ಮ ಬಾಯಾಗ ಅದ."

ಬಸವಕಿರಣ್ ಮುಖ ಬಿಗಿಯಾಯಿತು. "ಅಕ್ಷತಾ ಅವ್ರ, ಇದು ನಿಮ್ಮ ಗುಳಿಗಿ ಫ್ಯಾಕ್ಟರಿ ಅಲ್ಲ. ಆಟ. ಆಡಿದವ್ರಿಗೆ ಗೊತ್ತಿರ್ತೈತಿ."

"ಆಡಿದವ್ರಿಗೆ ಒಮ್ಮೊಮ್ಮೆ ಭಾಳ ಗೊತ್ತಿರ್ತದ, ಅದೇ ತ್ರಾಸು." ಅಕ್ಕ ಹಾಳೆಯ ಫೋಟೋ ತೆಗೆದು ವಾಪಸ್ ಕೊಟ್ಟಳು. "ಹನ್ನೊಂದಕ್ಕ ಇನ್ನೂ ಇಪ್ಪತ್ತು ನಿಮಿಷ ಅದ. ವಾಪಸ್ ತಗೋತೀವಿ ಅಂತ ನಾವಿನ್ನೂ ಹೇಳಿಲ್ಲ."

"ನೀವು ತಗೊಳ್ಳಿಲ್ಲಂದ್ರ ನಾ ಓದಾಂವ."

"ಓದ್ರಿ. ಜ್ವಾಕಿ, ತಾರೀಕು ಬಿಡದ ಓದ್ರಿ."

*

ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಅಕ್ಕ ಪಕ್ಕದಲ್ಲಿ ಕೂತಳು.

"ನಿಶ್ಮಿತಾ, ಐದು ವರ್ಷದ ಹಿಂದ ಒಂದು ಬ್ಯಾಚ್ ಔಷಧ ಕೆಡ್ತು ಅಂತ ತಿಳ್ಕೊ. ನಾ ಮೊದಲ ಏನ್ ಕೇಳ್ತೀನಿ?"

"ಯಾರು ಮಾಡಿದ್ದು ಅಂತ?"

"ಅಲ್ಲ. ಆ ದಿನ ಆ ಕೆಲಸಕ್ಕ ಯಾವ ನಿಯಮ ಜಾರಿಯಾಗಿತ್ತು ಅಂತ. ಇವತ್ತಿನ ರೂಲ್ ಹಿಡ್ಕೊಂಡು ಅವತ್ತಿನ ಮನುಷ್ಯಾನ ಕೈಗೆ ಬೇಡಿ ಹಾಕ್ಲಿಕ್ಕೆ ಬರಂಗಿಲ್ಲ."

"ಅಕ್ಕ, ಅದು ಅಂಥ ರೂಲ್ ಅಲ್ಲ. ಬಾಕ್ಸ್ ಹೊರಗೆ ಕೀಪರ್ ಕೈ ಮುಟ್ಟಬಾರದು ಅನ್ನುದು ಯಾವಾಗ್ಲೂ ಉಂಟು. ಸೂರ್ಯ ಪೂರ್ವದಲ್ಲಿ ಹುಟ್ಟಿದ ಹಾಗೆ."

"ಡಾಕ್ಯುಮೆಂಟ್ ತೋರ್ಸು."

ಅವಳ ಈ ಎರಡು ಪದಗಳಿಗೆ ಆರು ವಾರದಿಂದ ನನಗೆ ಸಿಟ್ಟು ಬರುತ್ತಿತ್ತು. ಅವಳ ನೋಟ್‌ಬುಕ್ಕಿನಲ್ಲಿ 'ಬಾಕಿ' ಎಂಬ ಪಟ್ಟಿಯಿದೆ. ದಾಖಲೆ ಸಿಗದ ಪ್ರತಿಯೊಂದೂ ಅಲ್ಲಿ ಕೂತಿರುತ್ತದೆ. ನಾಲ್ಕನೆಯದು ಹೀಗಿದೆ: 'ಎಂಟು ಬೆರಳು — ಕಾಗದ ಇಲ್ಲ.'

ಎಂಟು ಬೆರಳಿನ ಕಥೆಗೆ ಕಾಗದ ಯಾಕೆ ಬೇಕು? ಡೊರೊತಿ ಅಜ್ಜಿಯ ಬಾಯಲ್ಲೇ ಕೇಳಿದ್ದು. ಹನ್ನೆರಡನೇ ವಯಸ್ಸಿಗೆ ಹತ್ತಿ ಗಿರಣಿಯ ಯಂತ್ರಕ್ಕೆ ಎಡಗೈಯ ಕೊನೆಯ ಎರಡು ಬೆರಳು ಹೋದವು. ಉಳಿದ ಮೂರರಲ್ಲಿ ತಾತ ಕಾಫಿ ಕಪ್ಪು ಹಿಡಿಯುತ್ತಿದ್ದುದನ್ನು ಅಜ್ಜಿ ಈಗಲೂ ಮಾಡಿ ತೋರಿಸುತ್ತಾರೆ. ಎಂಟು ಬೆರಳಿನಲ್ಲಿ ಇಂಗ್ಲಿಷ್ ಲೀಗಿನಲ್ಲಿ ಒಂಬತ್ತು ಸೀಸನ್ ಕೀಪರ್. ನನ್ನ ಹುಡುಗಿಯರಿಗೆ ಇದನ್ನು ಹೇಳಿದ ಮರುವಾರವೇ ಎಂಟು ಬೆರಳಿನ ಅಂಗೈ ಚಿತ್ರದ ಟಿ-ಶರ್ಟ್ ಮಾಡಿಸಿದ್ದೆ. ಇವತ್ತು ಹದಿನಾಲ್ಕು ಮಕ್ಕಳು ಅದನ್ನೇ ಹಾಕಿಕೊಂಡು ಹಾಲಿನ ಹಿಂದಿನ ಸಾಲುಗಳಲ್ಲಿ ಗಲಾಟೆ ಮಾಡುತ್ತಿದ್ದರು.

"ಆ ವರ್ಷದ ಕ್ಲಬ್ ಹ್ಯಾಂಡ್‌ಬುಕ್ ನಿನ್ನ ಹತ್ರ ಅದಲ್ಲ?"

ಇತ್ತು. 1911–12ರ ಬ್ರಾಕ್‌ಶಾ ರೋವರ್ಸ್ ಕೈಪಿಡಿ, ಅರವತ್ತನಾಲ್ಕು ಪುಟ, ಸ್ಕ್ಯಾನ್ ಪ್ರತಿ. ಯಾವ ಶನಿವಾರ ಯಾರ ಜೊತೆ ಆಟ ಎಂದು ನೋಡಲು ಅದನ್ನು ನೂರು ಸಲ ತೆರೆದಿದ್ದೆ.

"ಕೊನೆ ಪುಟದ ತನಕ ಹೋಗೀಯೇನು?"

ಇಪ್ಪತ್ತನೇ ಪುಟದ ಆಚೆ ಹೋಗಿರಲಿಲ್ಲ. ಅಲ್ಲಿಂದ ಮುಂದೆ ಬೂಟಿನ ಅಂಗಡಿ, ಹುರಿಗಾಳಿನ ವ್ಯಾಪಾರಿ, ಶವಪೆಟ್ಟಿಗೆಯವರ ಜಾಹೀರಾತುಗಳಿದ್ದವು.

ಈಗ ಅವುಗಳನ್ನೆಲ್ಲ ದಾಟಿ ಕೆಳಗೆ ಹೋದೆ. ಐವತ್ತೆಂಟನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ: ಆಟದ ನಿಯಮಗಳು. ಒಂದು, ಎರಡು, ಮೂರು... ಎಂಟನೆಯದನ್ನು ನಾನು ಜೋರಾಗಿ ಓದಿದೆ. ಅರ್ಧಕ್ಕೆ ನಿಲ್ಲಿಸಿ ಅದೇ ಸಾಲನ್ನು ಮತ್ತೆ ನೋಡಿದೆ.

"ಮುಂದ ಓದು," ಎಂದಳು ಅಕ್ಕ.

"ಗೋಲ್‌ಕೀಪರ್ ಮೈದಾನದ ತನ್ನ ಅರ್ಧದೊಳಗೆ ಕೈಗಳನ್ನು ಬಳಸಬಹುದು. ಆದರೆ ಚೆಂಡನ್ನು ಹೊತ್ತುಕೊಂಡು ಹೋಗುವಂತಿಲ್ಲ."

"ತನ್ನ ಬಾಕ್ಸಿನೊಳಗ ಅಲ್ಲ?"

"ತನ್ನ ಅರ್ಧದೊಳಗೆ. ಅಂದ್ರೆ ನಡುಗೆರೆಯ ತನಕ." ಆ ಸಾಲಿನ ಮೇಲೆ ಬೆರಳಿಟ್ಟೆ. "ಅಕ್ಕ, ಹೊತ್ತುಕೊಂಡು ಹೋಗಬಾರದು. ಅದಕ್ಕೇ ಅವರು ಪುಟಿಸ್ತಾ ಓಡಿದ್ದು. ಎರಡೂ ರೂಲಿನ ಒಳಗೇ ಉಂಟು."

"ಮುಂದಿನ ವರ್ಷದ ಕೈಪಿಡಿ?"

ಅದೂ ಇತ್ತು. ಕೊನೆಯ ಪುಟಗಳಿಗೆ ಹಾರಿದೆ. 1912–13. ಅದೇ ಎಂಟನೇ ನಿಯಮ. ಆದರೆ 'ತನ್ನ ಅರ್ಧದೊಳಗೆ' ಎಂದಿದ್ದ ಜಾಗದಲ್ಲಿ 'ತನ್ನ ಪೆನಾಲ್ಟಿ ಏರಿಯಾದೊಳಗೆ'. ಮೇಲೆ ಒಂದು ಚುಕ್ಕಿ, ಕೆಳಗೆ ಟಿಪ್ಪಣಿ: ಈ ಬೇಸಿಗೆಯಲ್ಲಿ ಬದಲಾಗಿದೆ.

ನಿಯಮ ಬದಲಾದದ್ದು ಬೇಸಿಗೆಯಲ್ಲಿ. ಪಂದ್ಯ ನಡೆದದ್ದು ಏಪ್ರಿಲ್ ಇಪ್ಪತ್ತಕ್ಕೆ.

ಮೆಟ್ಟಿಲ ಮೇಲೇ ಎದ್ದು ಕುಣಿಯಬೇಕೆನಿಸಿತು. ಅಕ್ಕ ಗಡಿಯಾರ ನೋಡಿದಳು.

"ಕೂಡು. ಅರ್ಧ ಕೆಲಸ ಆಗ್ಯದ. ಮಾಡಬಹುದಿತ್ತು ಅನ್ನೂದು ಸಿಕ್ತು. ಅವತ್ತೊಂದೇ ದಿನ ಮಾಡಿದ್ರ ಅನುಮಾನ ಇದ್ದೇ ಇರ್ತದ. ಮೊದಲೂ ಹಂಗ ಮಾಡ್ತಿದ್ನೇನು?"

ಇದಕ್ಕೆ ಉತ್ತರ ನನ್ನ ಫೋಲ್ಡರಿನಲ್ಲೇ ಆರು ವಾರದಿಂದ ಬಿದ್ದಿತ್ತು.

ಟ್ಯಾಟರ್ಸಾಲ್ ಹತ್ತೊಂಬತ್ತನೇ ವಯಸ್ಸಿಗೆ ಗಿರಣಿ ಬಿಟ್ಟು ರೋವರ್ಸ್ ಸೇರಿದವರು. 1903ರಿಂದ 1912ರವರೆಗೆ ಇನ್ನೂರ ಎಂಬತ್ತೇಳು ಪಂದ್ಯ. ಪ್ರತಿ ಪಂದ್ಯದ ವರದಿ ಹುಡುಕಿ ಓದುವುದು ನನಗೆ ಚಟವಾಗಿತ್ತು. ಊಟ ಬಿಟ್ಟು ಓದಿದ್ದೇನೆ. 1906ರ ಜನವರಿಯಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಮೊಣಕೈ ಒಡೆದುಕೊಂಡು ಆಟ ಮುಗಿಸಿದ್ದು. 1908ರ ಕಪ್ ಪಂದ್ಯದಲ್ಲಿ ಒಂದೇ ಮಧ್ಯಾಹ್ನ ಎರಡು ಪೆನಾಲ್ಟಿ ತಡೆದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ರೈಲ್ವೆ ಸ್ಟೇಷನ್ನಿನ ತನಕ ನಡೆದದ್ದು. ಮತ್ತೆ ಮತ್ತೆ ಒಂದು ಮಾತು ಬರುತ್ತಿತ್ತು, 'ಟ್ಯಾಟರ್ಸಾಲನ ಓಟ'. ಕೀಪರ್ ಎಲ್ಲಿ ಓಡುತ್ತಾನೆ, ವರದಿಗಾರ ಬಣ್ಣ ಕಟ್ಟಿದ್ದಾನೆ ಎಂದು ಅದನ್ನು ಬದಿಗಿಟ್ಟಿದ್ದೆ.

ಈಗ ಆ ಪದ ಹಾಕಿ ಹುಡುಕಿದೆ. ನಲವತ್ತೊಂದು ವರದಿಗಳು ಒಂದರ ಕೆಳಗೊಂದು ಸಾಲುಗಟ್ಟಿದವು.

1905: ಪುಟಿಸುತ್ತಾ ನಡುಗೆರೆಗೆ ಬಂದ, ಚೆಂಡೆಸೆದ, ಗೋಲು. 1907: ಅದೇ. 1908ರ ಆ ಕಪ್ ಪಂದ್ಯ: ಎರಡನೇ ಪೆನಾಲ್ಟಿ ತಡೆದವರು ಅಲ್ಲಿಂದಲೇ ಪುಟಿಸುತ್ತಾ ಓಡಿ, ನಡುಗೆರೆಯಿಂದ ಎಸೆದ ಚೆಂಡಿನಿಂದಲೇ ಗೆಲುವಿನ ಗೋಲು.

ಅಕ್ಕ ಮೊದಲ ಸಲ ನಕ್ಕಳು. "ಏಳು. ಹನ್ನೊಂದಾಗ್ಲಿಕ್ಕೆ ಬಂತು."

*

ಒಳಗೆ ಹೋಗುತ್ತಲೇ ಮೊದಲ ಪೆಟ್ಟು ಬಿತ್ತು. ಮಾತನಾಡುವವರು ಈ ಊರಿನ ನಿವಾಸಿಗಳಾಗಿರಬೇಕು ಎಂದು ಕ್ಲರ್ಕು ಬೇರೆ ಊರಿನ ಅಕ್ಷತಾ ಅಕ್ಕನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಒಬ್ಬೊಬ್ಬರಿಗೆ ಮೂರು ನಿಮಿಷ.

"ನೀನ ಮಾತಾಡು," ಎಂದಳು ಅಕ್ಕ.

"ನಾನಾ? ನಂಗೆ ಸ್ಟೇಜ್ ಅಂದ್ರೆ ಹೆದರಿಕೆ ಉಂಟು."

"ಟಚ್‌ಲೈನಿನ್ಯಾಗ ನಿಂತು ಆ ಮಕ್ಕಳ ಮ್ಯಾಲೆ ಚೀರ್ತೀಯಲ್ಲ, ಹಂಗ ಮಾತಾಡು. ಒಂದ್ ಸ್ವಲ್ಪ ಮೆತ್ತಗ."

ಬಸವಕಿರಣ್ ಮೊದಲು ಎದ್ದರು. ಒಮ್ಮೆ ನಮ್ಮ ಕಡೆ ನೋಡಿದರು. ಮಾವ ತಲೆ ತಗ್ಗಿಸಿದರು, ಅಕ್ಕ ತಗ್ಗಿಸಲಿಲ್ಲ. ಅವರು ಹಾಳೆ ಬಿಡಿಸಿ ಓದಿದರು. ಕನ್ನಡದಲ್ಲಿ ಅಷ್ಟು ಜೋರಿನ ಮನುಷ್ಯ ಇಂಗ್ಲಿಷಿನಲ್ಲಿ ತೀರ ಮೆತ್ತಗೆ ಓದಿದರು. ತಾರೀಕನ್ನೂ ಬಿಡಲಿಲ್ಲ.

'ಮಾರಿಕೊಂಡ ಸೋಲು' ಎಂಬ ಮಾತು ಬಂದಾಗ ಡೊರೊತಿ ಅಜ್ಜಿ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತಿರುಗಿ ನೋಡಲಿಲ್ಲ. ಎಂಬತ್ತು ವರ್ಷದ 'ಏನೋ' ಎಂಬುದಕ್ಕೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು.

ಹಿಂದಿನ ಸಾಲಿನಲ್ಲಿ ನನ್ನ ಸೆಂಟರ್ ಫಾರ್ವರ್ಡ್ ಆರಾಧ್ಯಾ, ಹನ್ನೊಂದು ವರ್ಷದವಳು, ತನ್ನ ಟಿ-ಶರ್ಟಿನ ಮೇಲಿನ ಅಂಗೈಯನ್ನು ಕೈಯಿಂದ ಮುಚ್ಚಿಕೊಂಡಳು.

ನಾನು ಮೈಕಿನ ಮುಂದೆ ನಿಂತೆ. ಮೂರು ನಿಮಿಷದ ಹಸಿರು ದೀಪ ಹತ್ತಿತು.

"ಒಂದು ಪ್ರಶ್ನೆ," ಎಂದೆ ಇಂಗ್ಲಿಷಿನಲ್ಲಿ. "ಗೋಲ್‌ಕೀಪರ್ ಪೆನಾಲ್ಟಿ ಬಾಕ್ಸಿನ ಹೊರಗೆ ಚೆಂಡನ್ನು ಕೈಯಲ್ಲಿ ಮುಟ್ಟಿದರೆ ಏನಾಗುತ್ತದೆ?"

"ಫೌಲ್," ಎಂದು ಹದಿನಾಲ್ಕು ಹುಡುಗಿಯರು ಒಟ್ಟಿಗೆ ಹೇಳಿದರು. ಕೌನ್ಸಿಲಿನಲ್ಲಿ ಇಬ್ಬರು ತಲೆಯಾಡಿಸಿದರು.

"ನಾನೂ ಇವತ್ತು ಬೆಳಿಗ್ಗೆ ಹತ್ತು ಮುಕ್ಕಾಲಿನವರೆಗೆ ಹಾಗೇ ಹೇಳುತ್ತಿದ್ದೆ."

ಎರಡೂ ಕೈಪಿಡಿಯ ಪುಟಗಳನ್ನು ಸ್ಕ್ರೀನಿನ ಮೇಲೆ ಅಕ್ಕಪಕ್ಕ ಇಟ್ಟೆ. ಎಡಗಡೆ 1911. ಬಲಗಡೆ 1912. ಎಂಟನೇ ನಿಯಮ ಓದಿದೆ, ಆಮೇಲೆ ಬದಲಾದ ಎಂಟನೇ ನಿಯಮ.

"ಪಂದ್ಯ ಏಪ್ರಿಲಿನಲ್ಲಿ. ನಿಯಮ ಬದಲಾದದ್ದು ಆಮೇಲೆ ಬಂದ ಬೇಸಿಗೆಯಲ್ಲಿ. ಆ ದಿನ ಟ್ಯಾಟರ್ಸಾಲ್ ನಡುಗೆರೆಯವರೆಗೆ ಕೈ ಬಳಸಬಹುದಿತ್ತು. ಬಳಸಿದರು. ಅದಕ್ಕೇ ರೆಫರಿ ಸೀಟಿ ಊದಲಿಲ್ಲ."

ಹಳದಿ ದೀಪ. ಇನ್ನು ಒಂದು ನಿಮಿಷ.

ನಲವತ್ತೊಂದು ವರದಿಗಳ ಪಟ್ಟಿ ಹಾಕಿದೆ. ವರ್ಷ, ಊರು, ಫಲಿತಾಂಶ. ಇಪ್ಪತ್ತಾರು ಗೆಲುವು.

"ಒಂಬತ್ತು ವರ್ಷ ಅವರು ಇದನ್ನೇ ಮಾಡಿ ತಂಡವನ್ನು ಗೆಲ್ಲಿಸಿದರು. ಅದಕ್ಕಾಗಿ ಜನ ಅವರನ್ನು ಸ್ಟೇಷನ್ನಿನ ತನಕ ಹೊತ್ತರು. ಕೊನೆಯ ದಿನ ಒಮ್ಮೆ ಚೆಂಡು ಕೈತಪ್ಪಿತು. ಯಾವ ಓಟದಿಂದ ಗೆದ್ದರೋ ಅದೇ ಓಟದಲ್ಲಿ ಸೋತರು. ಇದನ್ನು ಮೋಸ ಎಂದದ್ದು ಒಬ್ಬನೇ ಒಬ್ಬ, ಸೈಲಸ್ ಕರ್ಶಾ. ಅವನ ಮಾತಿಗೆ ಬೇರೆ ಪುರಾವೆ ಈ ಹಾಳೆಯಲ್ಲಿ ಇಲ್ಲ." ಅಜ್ಜಿಯ ಕಡೆ ತಿರುಗಿದೆ. "ಟ್ಯಾಟರ್ಸಾಲ್ 1913ರಲ್ಲಿ ಸಮುದ್ರ ದಾಟಿ ಇಲ್ಲಿಗೆ ಬಂದರು. ಲಂಚ್‌ರೂಮ್ ನಡೆಸಿದರು. ಗಿರಣಿಯವರನ್ನು ಕಾಡಿ ಬೇಡಿ ಮಕ್ಕಳಿಗೆ ಆ ಮೈದಾನ ಬಿಡಿಸಿಕೊಟ್ಟರು. ಮೂವತ್ತು ವರ್ಷ ಪ್ರತಿ ಶನಿವಾರ ತಾವೇ ಸುಣ್ಣದ ಗೆರೆ ಎಳೆದರು. ಆದರೆ ತಾವು ಮಾತ್ರ ಮತ್ತೊಮ್ಮೆ ಚೆಂಡು ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಅವರ ಮೊಮ್ಮಗಳಿಗೆ ಇವತ್ತು ಗೊತ್ತಾಯಿತು. ಮುಟ್ಟಬಹುದಿತ್ತು ಎಂದೂ ಗೊತ್ತಾಯಿತು."

ಕೆಂಪು ದೀಪ.

ಮೊದಲ ಚಪ್ಪಾಳೆ ಎಡಗಡೆಯಿಂದ ಬಂತು. ತಿರುಗಿದರೆ, ಬಸವಕಿರಣ್. ನಿಂತುಕೊಂಡಿದ್ದರು. ಕೈಯಲ್ಲಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ತುರುಕಿ, ತನ್ನ ಅರ್ಜಿ ವಾಪಸ್ ಎಂದರು. ಟರ್ಫ್ ಮಾತ್ರ ಹೇಳಿದಂತೆ ಹಾಕಿಸಿಕೊಡುವುದಾಗಿ ಸೇರಿಸಿದರು.

ವೋಟು ಆರಕ್ಕೆ ಸೊನ್ನೆ.

ಹಾಲು ಎದ್ದು ನಿಂತಿತು. ಹುಡುಗಿಯರು ಕುರ್ಚಿ ಹತ್ತಿದರು. ರಮಾನಾಥ ಮಾವ ಬನ್ಸಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತರು. ಆಮೇಲೆ ಆ ಡಬ್ಬಿಯನ್ನೇ ಬಿಚ್ಚಿ ಕೌನ್ಸಿಲಿನವರಿಗೆಲ್ಲ ಹಂಚಿದರು. ಅಧ್ಯಕ್ಷೆ ಬನ್ಸ್ ಕಚ್ಚಿ, ಇದರೊಳಗೆ ಬಾಳೆಹಣ್ಣೇ ಎಂದು ಕೇಳುತ್ತಿದ್ದರು.

ಬಸವಕಿರಣ್ ಅಕ್ಕನ ಹತ್ತಿರ ಬಂದರು. "ನಾ ನಾಕ್ ವರ್ಷ ಕೀಪರ್ ಆಡೀನ್ರಿ. ನಡುಗೆರಿ ತನಕ ಕೈಲೆ ಆಡಬಹುದಿತ್ತು ಅಂತ ಕನಸನ್ಯಾಗೂ ಅನ್ಕೊಂಡಿದ್ದಿಲ್ಲ. ಆಡ್ಬೇಕಿತ್ತು ನೋಡ್ರಿ ಅಂಥಾ ಕಾಲದಾಗ."

"ಟರ್ಫ್ ಹಾಕಸ್ರಿ. ನಡುಗೆರಿ ಸ್ವಲ್ಪ ದಪ್ಪ ಎಳಸ್ರಿ," ಎಂದಳು ಅಕ್ಕ. ಹಾಗೆನ್ನುತ್ತಲೇ ನೋಟ್‌ಬುಕ್ ತೆರೆದು ಬಾಕಿ ಪಟ್ಟಿಯ ಐದನೇ ಸಾಲು ಬರೆದಳು: 'ಕರ್ಶಾ ಯಾಕೆ ಹಾಗೆ ಹೇಳಿದ?'

"ಅಕ್ಕ, ಗೆದ್ದಾಯ್ತು. ಇವತ್ತಾದ್ರೂ ಅದನ್ನು ಮುಚ್ಚು."

"ಗೆದ್ದದ್ದಕ್ಕೂ ಬಾಕಿಗೂ ಸಂಬಂಧ ಇಲ್ಲವ್ವ."

ಡೊರೊತಿ ಅಜ್ಜಿ ನನ್ನನ್ನು ಹತ್ತಿರ ಕರೆದು ಕೆನ್ನೆಗೆ ಕೈಯಿಟ್ಟರು. ಒಣಗಿದ ಎಲೆಯಂಥ ಕೈ. ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. "ನನ್ನ ತಾಯಿ ಇದನ್ನು ಕೇಳಿಸಿಕೊಳ್ಳಬೇಕಿತ್ತು," ಎಂದರು. "ಅವಳು ಹೋಗುವ ತನಕ ತಂದೆಯ ಪರವಾಗಿ ಒಂದು ಮಾತೂ ಆಡಲಾಗಲಿಲ್ಲ."

ಕ್ಲರ್ಕ್ ಒಂದು ಫಾರ್ಮ್ ಮತ್ತು ಪೆನ್ನು ತಂದರು. ಗೇಟಿನ ಕಲ್ಲಿನ ಮೇಲೆ ಹೆಸರನ್ನು ಹೇಗೆ ಕೆತ್ತಬೇಕೋ ಹಾಗೆ ಕುಟುಂಬದವರೇ ಬರೆದು ಸಹಿ ಮಾಡಬೇಕು. ಕಲ್ಲಿನ ಕೆಲಸದವನಿಗೆ ಮಧ್ಯಾಹ್ನವೇ ಕಳಿಸುತ್ತಾರಂತೆ. ಅಜ್ಜಿ ಕನ್ನಡಕವನ್ನು ಹಣೆಯ ಮೇಲೇರಿಸಿ, ಫಾರ್ಮನ್ನು ಮುಖದ ಹತ್ತಿರ ತಂದು ನೋಡಿದರು.

ಆಗ ನನ್ನ ಫೋನು ಕಂಪಿಸಿತು.

ಬ್ರಾಕ್‌ಶಾ ಊರಿನ ಲೈಬ್ರರಿಗೆ ಮೂರು ವಾರದ ಹಿಂದೆ ಬರೆದಿದ್ದೆ, ತಂಡದ ಒಂದಾದರೂ ಫೋಟೋ ಸಿಕ್ಕರೆ ಕಳಿಸಿ ಎಂದು. ಆಟದ ದಿನಗಳ ಫೋಟೋಗಳನ್ನು ತಾತ ಇಲ್ಲಿಗೆ ಬಂದವರೇ ಒಲೆಗೆ ಹಾಕಿದ್ದರು. ಅಜ್ಜಿ ಒಂದನ್ನೂ ನೋಡಿರಲಿಲ್ಲ. ನಮ್ಮ ಕೆಫೆಯ ಗೋಡೆಯ ಮೇಲಿರುವುದು ಏಪ್ರನ್ ಕಟ್ಟಿಕೊಂಡು ಲಂಚ್‌ರೂಮಿನ ಬಾಗಿಲಲ್ಲಿ ನಿಂತ ನಲವತ್ತು ದಾಟಿದ ಮನುಷ್ಯ.

ಮೇಲ್ ತೆರೆದೆ. ರೋವರ್ಸ್ ತಂಡ, ಸೆಪ್ಟೆಂಬರ್ 1911. ಎರಡು ಸಾಲಿನಲ್ಲಿ ಹನ್ನೊಂದು ಜನ, ಕೆಳಗೆ ಅಚ್ಚಾದ ಹೆಸರುಗಳು.

ಇಂಥ ದಿನ ಇಂಥ ಫೋಟೋ. ನಾನು ಓಡಿಹೋಗಿ ಅಜ್ಜಿಯ ಮುಂದೆ ಮಂಡಿಯೂರಿದೆ. "ಬರೆಯುವ ಮೊದಲು ಇದನ್ನು ನೋಡಿ."

ಕೀಪರನ್ನು ಹುಡುಕುವುದು ಸುಲಭ. ಅಷ್ಟರಲ್ಲಿ ಕೀಪರುಗಳಿಗೆ ಬೇರೆ ಬಣ್ಣದ ಅಂಗಿಯ ನಿಯಮ ಬಂದಿತ್ತು. ಮುಂದಿನ ಸಾಲಿನ ನಡುವೆ ಒಬ್ಬರದೇ ಬಿಳಿ ಅಂಗಿ, ತೊಡೆಯ ಮೇಲೆ ಚೆಂಡು. ಕೆಳಗೆ ಹೆಸರು: ಇ. ಟ್ಯಾಟರ್ಸಾಲ್. ಉದ್ದ ಮುಖದ, ನಗುವ ಮನುಷ್ಯ.

ನಾನು ಕೈಗಳ ಕಡೆಗೆ ಜೂಮ್ ಮಾಡಿದೆ. ಚೆಂಡಿನ ಎರಡೂ ಬದಿಗೆ ಬೆರಳುಗಳು ಅಗಲವಾಗಿ ಹರಡಿದ್ದವು. ಟಿ-ಶರ್ಟಿನ ಚಿತ್ರಕ್ಕೆ ಹೋಲಿಸುವ ಖುಷಿಯಲ್ಲಿ ಎಣಿಸಿದೆ.

ಮತ್ತೊಮ್ಮೆ ಎಣಿಸಿದೆ.

ಹತ್ತು.

"ನೀನು ತಪ್ಪು ಜಾಗದಲ್ಲಿ ನೋಡುತ್ತಿದ್ದೀಯ, ಹುಡುಗಿ," ಡೊರೊತಿ ಅಜ್ಜಿ ಗಟ್ಟಿಯಾಗಿ ನಕ್ಕರು. ಅವರ ಬೆರಳು ಫೋಟೋವನ್ನು ಸರಿಸಿ ಹಿಂದಿನ ಸಾಲಿನ ಬಲತುದಿಗೆ ಬಂದು ನಿಂತಿತು. "ಇಗೋ, ನನ್ನ ತಾತ. ಎಷ್ಟು ಚಿಕ್ಕ ವಯಸ್ಸು ನೋಡು."

ಕೆಫೆಯ ಗೋಡೆಯ ಅದೇ ಹುಬ್ಬು, ಅದೇ ಮುಂದೆ ಬಾಗಿದ ಕಿವಿ. ಪಟ್ಟೆ ಅಂಗಿ. ಎಡಗೈಯನ್ನು ಮುಂದಿನವನ ಭುಜದ ಮೇಲಿಟ್ಟಿದ್ದ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಲ್ಲಿಗೆ ಮುಗಿದಿತ್ತು.

ನನ್ನ ಭುಜದ ಹಿಂದಿನಿಂದ ಅಕ್ಷತಾ ಅಕ್ಕ ಫೋಟೋದ ಕೆಳಗಿನ ಹೆಸರುಗಳ ಕಡೆ ಬೆರಳು ಚಾಚಿ ಹಿಂದಕ್ಕೆ ತೆಗೆದಳು. ಅವಳೂ ಓದಿದ್ದಳು.

ಅಜ್ಜಿಯ ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು. ಆ ಸಣ್ಣ ಅಕ್ಷರಗಳು ಅವರಿಗೆ ಕಂಡಿರಲಿಲ್ಲ. ಹಿಂದಿನ ಸಾಲು, ಬಲತುದಿ: ಎಸ್. ಕರ್ಶಾ. ಟ್ಯಾಟರ್ಸಾಲ್ ಮೇಲೆ ದೂರು ಹೇಳಿದವನೇ ಅವರ ಹೆಸರಿಟ್ಟುಕೊಂಡು ಇಲ್ಲಿಗೆ ಬಂದಿದ್ದ.

"ಅಜ್ಜಿ," ಎಂದೆ.

ಅವರು ತೃಪ್ತಿಯಿಂದ ಫಾರ್ಮಿನ ಮೇಲೆ ಬಾಗಿದ್ದರು. ಎಫ್ರಾಯಿಮ್ ಎಂಬುದರ ಮೊದಲ ಅಕ್ಷರವನ್ನು ಆಗಲೇ ದಪ್ಪವಾಗಿ, ಕಲ್ಲಿನಲ್ಲಿ ಹೇಗಿರಬೇಕೋ ಹಾಗೆ, ಬರೆದಾಗಿತ್ತು.